ಸಾಧನವಿವರಣೆಯ ಗದ್ಯ: ಸೂತ್ರ, ವೃತ್ತಿ, ಪ್ರಯೋಗ

ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ತನಗೆ ಒಪ್ಪಿಸಿದ ಕೆಲಸಕ್ಕೆ ಬೇಕಾದ ಸಾಧನಗಳನ್ನು ತಾನೇ ಆರಿಸಿಕೊಂಡು, ಬಂದ ಫಲವನ್ನು ನೋಡಿ ಮುಂದುವರಿಯುವ ವ್ಯವಸ್ಥೆ. ಇಲ್ಲಿ ಸಾಧನವೆಂದರೆ ದಾಖಲೆ ಹುಡುಕುವ ಅಥವಾ ಅರ್ಜಿ ಸಲ್ಲಿಸುವ ತಂತ್ರಾಂಶದ ಒಂದು ಭಾಗ. ಅದರ ಒಳರಚನೆ ಸಾಮಾನ್ಯವಾಗಿ ಏಜೆಂಟಿಗೆ ಕಾಣದು. ಅದಕ್ಕೆ ಕಾಣುವುದು ಸಾಧನದ ಹೆಸರು, ಕೆಲವು ವಾಕ್ಯಗಳ ವಿವರಣೆ ಮತ್ತು ಒದಗಿಸಬೇಕಾದ ಅಂಶಗಳ ಪಟ್ಟಿ ಮಾತ್ರ. 2023ರಲ್ಲಿ ಓಪನ್‌ಎಐ ಸಂಸ್ಥೆ ತಂದ ಸೌಲಭ್ಯದಲ್ಲಿಯೂ 2024ರ ನವೆಂಬರಿನಲ್ಲಿ ಆಂತ್ರಾಪಿಕ್ ಸಂಸ್ಥೆ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮುಕ್ತ ಮಾನಕದಲ್ಲಿಯೂ ಸ್ವರೂಪ ಇದೇ. ಈ ಕಿರುಗದ್ಯವನ್ನು ತಂತ್ರಜ್ಞರ ಟಿಪ್ಪಣಿಯೆಂದು ಸಾಹಿತ್ಯದ ವಿದ್ಯಾರ್ಥಿಗಳು ಬದಿಗಿಡುವುದು ಸರಿಯಲ್ಲ. ಮೂಲತಃ ಇದು ಲಕ್ಷಣವಾಕ್ಯ.

ಲಕ್ಷಣವಾಕ್ಯದ ವಿಷಯದಲ್ಲಿ ನಮ್ಮ ಪರಂಪರೆ ಅನುಭವಿಯಾದದ್ದು. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ನ್ಯಾಯಶಾಸ್ತ್ರ ಗುರುತಿಸಿದೆ. ಅವು ಇಲ್ಲಿ ಹೇಗೆ ಅನ್ವಯಿಸುತ್ತವೆಂಬುದನ್ನು ಕೃಷ್ಣರಾಜಪೇಟೆಯ ರೈತನೊಬ್ಬನ ಪಹಣಿಯ ನಿದರ್ಶನದಿಂದ ಪರಿಶೀಲಿಸಬಹುದು.

ಕರ್ನಾಟಕದಲ್ಲಿ ಭೂದಾಖಲೆಗಳು ಒಂದೇ ಕಡೆ ಇಲ್ಲ. ಪಹಣಿ ಮತ್ತು ಮ್ಯುಟೇಷನ್ ‘ಭೂಮಿ’ಯಲ್ಲಿವೆ, ನೋಂದಣಿ ಮತ್ತು ಋಣಭಾರ ಪತ್ರ ‘ಕಾವೇರಿ’ಗೆ ಸೇರಿದವು, ಅಳತೆ ಮತ್ತು ನಕ್ಷೆಯ ಅರ್ಜಿಗಳು ‘ಮೋಜಿಣಿ’ಯವು. ಈ ಮೂರನ್ನೂ ಬಳಸಬಲ್ಲ ಏಜೆಂಟೊಂದನ್ನು ಕಲ್ಪಿಸಿಕೊಳ್ಳೋಣ. ಮೊದಲ ಸಾಧನದ ವಿವರಣೆ ‘ಜಮೀನಿನ ಮಾಹಿತಿ ನೀಡುತ್ತದೆ’ ಎಂದಷ್ಟೇ ಇದ್ದರೆ ಅದು ಅತಿವ್ಯಾಪ್ತಿ. ಜಮೀನಿನ ಮೇಲೆ ಸಾಲವಿದೆಯೇ, ಗಡಿ ಎಲ್ಲಿದೆ ಎಂಬ ಪ್ರಶ್ನೆಗಳಿಗೂ ಏಜೆಂಟ್ ಅಲ್ಲಿಗೇ ಹೋದೀತು. ‘ಆರ್.ಟಿ.ಸಿ. ತರುತ್ತದೆ’ ಎಂದು ಮಾತ್ರ ಬರೆದರೆ ಅವ್ಯಾಪ್ತಿ: ಹಳೆಯ ಮೈಸೂರಿನ ರೈತ ಪಹಣಿ ಎನ್ನುತ್ತಾನೆ, ಉತ್ತರ ಕರ್ನಾಟಕದವನು ಉತಾರ ಎನ್ನುತ್ತಾನೆ. ಇವೆಲ್ಲ ಒಂದೇ ಎಂದು ಯಂತ್ರ ಊಹಿಸಬಹುದು. ಆದರೆ ಬರೆದು ತಿಳಿಸಬಹುದಾದುದನ್ನು ಊಹೆಗೆ ಬಿಡುವುದು ಬರೆದವರ ಸೋಮಾರಿತನ.

ಮೂರನೆಯದು ಎಲ್ಲಕ್ಕಿಂತ ಅಪಾಯಕರ. ‘ಮಾಲೀಕತ್ವವನ್ನು ಖಚಿತಪಡಿಸುತ್ತದೆ’ ಎಂಬ ವಿವರಣೆ ಸಾಧನಕ್ಕಿಲ್ಲದ ಶಕ್ತಿಯನ್ನು ಅದಕ್ಕೆ ಆರೋಪಿಸುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ ಪಹಣಿಯ ನಮೂದನ್ನು ವಿರುದ್ಧವಾದುದು ಸಿದ್ಧವಾಗುವವರೆಗೆ ಸತ್ಯವೆಂದು ಭಾವಿಸಲಾಗುತ್ತದೆ, ಅಷ್ಟೆ. ತಂದೆಯ ಹೆಸರಿನಲ್ಲಿಯೇ ಉಳಿದ ಖಾತೆ, ಪೋಡಿಯಾಗದ ಹಿಸ್ಸೆ, ಅಣ್ಣತಮ್ಮಂದಿರ ದಾವೆ ಇರುವ ಕಡೆ ಈ ‘ಭಾವಿಸಲಾಗುತ್ತದೆ’ ಎಂಬ ಪದದ ಮೇಲೆ ಒಂದು ಸಂಸಾರದ ಜೀವನವೇ ನಿಂತಿರಬಹುದು. ಏಜೆಂಟ್ ಅದನ್ನು ‘ಖಚಿತ’ವೆಂದು ಓದಿ ರೈತನಿಗೆ ಹಾಗೆಯೇ ಹೇಳಿದರೆ ತಪ್ಪು ಯಂತ್ರದ್ದಲ್ಲ, ವಾಕ್ಯದ್ದು.

ಒದಗಿಸಬೇಕಾದ ಅಂಶಗಳ ಪಟ್ಟಿಯಲ್ಲಿಯೂ ಇದೇ ಎಚ್ಚರ ಬೇಕು. ‘ಸ್ಥಳ’ ಎಂಬ ಒಂದೇ ಪದವಿದ್ದರೆ ಏನಾದೀತು? ‘ಕೆ.ಆರ್.’ ಎಂದು ಆರಂಭವಾಗುವ ಊರುಗಳು ನಮ್ಮಲ್ಲಿ ಒಂದೆರಡಲ್ಲ: ಮಂಡ್ಯ ಜಿಲ್ಲೆಯಲ್ಲಿ ಪೇಟೆ, ಮೈಸೂರು ಜಿಲ್ಲೆಯಲ್ಲಿ ನಗರ, ಬೆಂಗಳೂರಿನಲ್ಲಿ ಪುರ, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಸಾಗರ. (ಒಡೆಯರ ಹೆಸರಿನ ಮೇಲಿನ ಪ್ರೀತಿ ಯಂತ್ರಕ್ಕೆ ಇಷ್ಟು ತೊಡಕಾದೀತೆಂದು ಯಾರು ಬಲ್ಲರು!) ಕಿಕ್ಕೇರಿ ಗ್ರಾಮವೂ ಹೌದು, ಹೋಬಳಿಯೂ ಹೌದು. ಹಳೆಯ ಪತ್ರಗಳಲ್ಲಿ ಕೃಷ್ಣರಾಜಪೇಟೆ ಅತ್ತಿಕುಪ್ಪೆಯಾಗಿರುತ್ತದೆ. ಪಾಂಡವಪುರ ಹಿರೋಡೆ ಅಥವಾ ಫ್ರೆಂಚ್ ರಾಕ್ಸ್ ಆಗಿರುತ್ತದೆ. 1939ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವ ಮೊದಲಿನವಾದರೆ ಜಿಲ್ಲೆಯೂ ಮೈಸೂರೇ. ಆದುದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಬಿಡಿಸಿ ಕೇಳಬೇಕು; ಇಂದಿನ ಹೆಸರನ್ನೇ ಕೊಡಬೇಕೆಂದೂ ಹೆಸರು ಸಂದಿಗ್ಧವಾದರೆ ರೈತನನ್ನೇ ಕೇಳಿ ತಿಳಿಯಬೇಕೆಂದೂ ಬರೆದಿರಬೇಕು.

ಇಷ್ಟೆಲ್ಲ ಬರೆದರೆ ವಿವರಣೆ ಬೆಳೆಯುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಏಜೆಂಟ್ ಒಮ್ಮೆಗೆ ಗಮನದಲ್ಲಿರಿಸಿಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ. ಪ್ರತಿ ಸಾಧನದ ವಿವರಣೆಯೂ ಆ ಜಾಗದಲ್ಲಿ ಪಾಲು ಪಡೆಯುತ್ತದೆ. ಇದಕ್ಕೆ ಪರಿಹಾರ ಕೇಶಿರಾಜನಲ್ಲಿದೆ ಎಂದು ನನಗೆ ತೋರುತ್ತದೆ. 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ನಿಯಮ ಕಂದಪದ್ಯದ ಸೂತ್ರವಾಗಿ ಬರುತ್ತದೆ, ಗದ್ಯದ ವೃತ್ತಿ ಅದನ್ನು ಬಿಡಿಸುತ್ತದೆ, ಪ್ರಯೋಗಗಳು ಅದನ್ನು ಕಣ್ಣಿಗೆ ಕಾಣಿಸುತ್ತವೆ. ಸಾಧನದ ಹೆಸರು ಸೂತ್ರದಂತೆ ಬಿಗಿಯಾಗಿರಲಿ. ‘ಸಾಧನ ಒಂದು’ ಎನ್ನುವುದಕ್ಕಿಂತ ‘ಭೂಮಿ ಪಹಣಿ ಪಡೆ’ ಎಂಬುದು ಲೇಸು. ವಿವರಣೆ ವೃತ್ತಿಯಂತೆ ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಏನು ದೊರೆಯುತ್ತದೆ, ಏನು ದೊರೆಯದು ಎಂಬುದನ್ನು ಹೇಳಲಿ. ಪ್ರಯೋಗ ಒಂದೆರಡು ಸಾಕು. ಆದರೆ ಅವು ತೊಡಕಿನ ಸ್ಥಳದಿಂದಲೇ ಆಯ್ದವಾಗಿರಬೇಕು. ಸುಲಭವಾದ ಸರ್ವೆ ನಂಬರಿಗೆ ಉದಾಹರಣೆಯೇ ಬೇಡ, ಹಿಸ್ಸಾ ಬಿದ್ದ ನಂಬರಿಗೆ ಬೇಕು.

ಕೇಶಿರಾಜನ ಓದುಗನಿಗೂ ಈ ಓದುಗನಿಗೂ ಒಂದು ಅಂತರವಿದೆ. ಆ ಓದುಗನಿಗೆ ಸಂದೇಹ ಬಂದರೆ ಗುರುವಿದ್ದ. ಏಜೆಂಟಿಗೆ ಸಾಧನವನ್ನು ಬರೆದವರು ಎದುರಿಗಿರುವುದಿಲ್ಲ. ಆದ್ದರಿಂದ ದಾಖಲೆ ಸಿಗದಿದ್ದಾಗ ‘ದೋಷ ಸಂಭವಿಸಿದೆ’ ಎಂದಷ್ಟೇ ಹೇಳದೆ, ‘ಈ ಹೋಬಳಿಯಲ್ಲಿ ಈ ಹೆಸರಿನ ಗ್ರಾಮವಿಲ್ಲ, ಹೋಬಳಿಯನ್ನು ಮತ್ತೊಮ್ಮೆ ವಿಚಾರಿಸಿ’ ಎಂದು ತಿಳಿಸುವ ಮರುನುಡಿಯನ್ನೂ ಸಾಧನದ ಗದ್ಯದ ಭಾಗವಾಗಿಯೇ ಪರಿಗಣಿಸಬೇಕಾಗುತ್ತದೆ.