ಕೇಳದ ಪ್ರಶ್ನೆಗೆ ಸುಂದರ ಉತ್ತರ

2002ರ ರಮಝಾನಿನ ಆಸುಪಾಸಿನಲ್ಲಿ ಇಂಡೋನೇಷ್ಯಾದ ಟಿ.ವಿ.ಯಲ್ಲಿ ಕೆಲವು ಕಿರುಚಿತ್ರಗಳು ಪ್ರಸಾರವಾದವು. ಅಮೆರಿಕದಲ್ಲಿ ಬೇಕರಿ ನಡೆಸುವ ಒಬ್ಬ ಮುಸ್ಲಿಮ್, ತಲೆವಸ್ತ್ರ ಧರಿಸಿಯೇ ಪಾಠ ಹೇಳುವ ಶಿಕ್ಷಕಿ, ಪತ್ರಿಕೋದ್ಯಮ ಕಲಿಯಲು ಹೋದ ಇಂಡೋನೇಷ್ಯಾದ ವಿದ್ಯಾರ್ಥಿನಿ, ಅಲ್ಜೀರಿಯಾದಲ್ಲಿ ಹುಟ್ಟಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದ ಡಾ. ಇಲಿಯಾಸ್ ಝೆರ್ಹೂನಿ. ಎಲ್ಲರ ಮಾತಿನ ಸಾರ ಒಂದೇ: ನಮ್ಮ ಧರ್ಮದಂತೆ ಬಾಳಲು ಇಲ್ಲಿ ಅಡ್ಡಿಯಿಲ್ಲ, ನೆರೆಹೊರೆಯವರು ಒಳ್ಳೆಯವರು.

'ಶೇರ್ಡ್ ವ್ಯಾಲ್ಯೂಸ್' ಎಂಬ ಈ ಅಭಿಯಾನಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ಸುಮಾರು ಒಂದೂವರೆ ಕೋಟಿ ಡಾಲರ್ ತೆಗೆದಿರಿಸಿತ್ತು. ಇದರ ಹೊಣೆ ಹೊತ್ತವರು ಜಾಹೀರಾತು ಲೋಕದ ದೊಡ್ಡ ಹೆಸರಾದ ಶಾರ್ಲಟ್ ಬಿಯರ್ಸ್. ಅವರು ಮಾಡಿದ ಅಕ್ಕಿಯ ಜಾಹೀರಾತು ನೋಡಿ ತಾನೂ ಆ ಅಕ್ಕಿ ಕೊಂಡಿದ್ದೆ ಎಂದು ವಿದೇಶಾಂಗ ಸಚಿವ ಕೋಲಿನ್ ಪೊವೆಲ್ ಅವರ ನೇಮಕವನ್ನು ಸಮರ್ಥಿಸಿಕೊಂಡಿದ್ದರು. ಅಕ್ಕಿ ಮಾರಿದವರು ದೇಶವನ್ನೂ ಮಾರಬಲ್ಲರು ಎಂಬ ನಂಬಿಕೆ!

ಉದ್ದೇಶವನ್ನೇ ಹೀಗಳೆಯುವುದು ಅನ್ಯಾಯವಾದೀತು. 2002ರ ಅಕ್ಟೋಬರ್ 12ರಂದು ಬಾಲಿಯಲ್ಲಿ ಬಾಂಬ್ ಸಿಡಿದು 202 ಮಂದಿ ಸತ್ತಿದ್ದರು. ಸಿಡಿಸಿದವರು ಧರ್ಮದ ಹೆಸರು ಹೇಳಿಕೊಂಡವರೇ. ಆ ನಾಡಿನ ಯುವಕರೊಡನೆ ಯಾರಾದರೂ ಮಾತಾಡಲೇಬೇಕಿತ್ತು. ಆದರೆ ಮಾತಾಡಿದ್ದು ಹೇಗೆ?

ಕತೆ ಬರೆಯುವ ನನ್ನಂಥವರಿಗೆ ಈ ಚಿತ್ರಗಳ ಮೊದಲ ಕೊರತೆ ಕಣ್ಣಿಗೆ ರಾಚುತ್ತದೆ. ಇಲ್ಲಿ ಪಾತ್ರಗಳಿವೆ, ಸಂಕಟವಿಲ್ಲ. ಆ ಶಿಕ್ಷಕಿ ಸುಳ್ಳು ಹೇಳುತ್ತಿಲ್ಲ, ಬೇಕರಿಯವನೂ ಹೇಳುತ್ತಿಲ್ಲ. ಆದರೆ ಅಮೆರಿಕದಲ್ಲಿ ಮಸೀದಿ ಇದೆಯೇ ಎಂದು ಜಕಾರ್ತದ ವೀಕ್ಷಕ ಕೇಳಿರಲಿಲ್ಲ. ಅವನ ಪ್ರಶ್ನೆ ಅಫ್ಘಾನಿಸ್ತಾನದ ಬಗ್ಗೆ ಇತ್ತು, ಫೆಲೆಸ್ತೀನಿನ ಬಗ್ಗೆ ಇತ್ತು, ಇರಾಕಿನ ಮೇಲೆ ಕವಿಯುತ್ತಿದ್ದ ಯುದ್ಧದ ಬಗ್ಗೆ ಇತ್ತು. ಅದನ್ನು ಬಿಟ್ಟು ಬೇರೆಲ್ಲಕ್ಕೂ ಉತ್ತರ ದೊರೆಯಿತು.

ಎರಡನೆಯ ಕೊರತೆ ನಿರೂಪಕನದು. ಚಿತ್ರದ ಕೊನೆಯಲ್ಲಿ ಕಾಣುತ್ತಿದ್ದುದು ಒಂದು ಮುಸ್ಲಿಮ್ ಮಂಡಳಿ ಮತ್ತು 'ಅಮೆರಿಕದ ಜನತೆ'ಯ ಹೆಸರು. ಆ ಮಂಡಳಿಗೆ ಹಣ ಕೊಟ್ಟಿದ್ದು ಸರಕಾರವೇ. ಕತೆ ಹೇಳುವವನು ಮುಖ ಮರೆಸಿಕೊಂಡರೆ ಕೇಳುಗ ಮೊದಲು ಹುಡುಕುವುದು ಆ ಮುಖವನ್ನೇ. ಈಜಿಪ್ಟ್, ಜೋರ್ಡಾನ್ ಮತ್ತು ಲೆಬನಾನಿನ ಸರಕಾರಿ ವಾಹಿನಿಗಳು ಇವನ್ನು ಪ್ರಸಾರ ಮಾಡಲು ಒಪ್ಪಲಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಇಂಡೋನೇಷ್ಯಾದ ವಿದ್ಯಾರ್ಥಿನಿ ಪರದೆಯ ಮೇಲೆ ನಗುತ್ತಿದ್ದ ಕೆಲವೇ ವಾರಗಳಲ್ಲಿ, 2003ರ ಜನವರಿಯಲ್ಲಿ, ಅದೇ ಇಂಡೋನೇಷ್ಯಾದ ಹೆಸರು 'ವಿಶೇಷ ನೋಂದಣಿ'ಯ ಪಟ್ಟಿಗೆ ಸೇರಿತು. ವೀಸಾದ ಮೇಲೆ ಅಮೆರಿಕದಲ್ಲಿದ್ದ, 16 ವರ್ಷ ದಾಟಿದ ಆ ದೇಶದ ಗಂಡಸರು ಕಚೇರಿಗೆ ಹೋಗಿ ಬೆರಳಚ್ಚು, ಭಾವಚಿತ್ರ ಕೊಡಬೇಕಾಯಿತು. ಪಟ್ಟಿಯಲ್ಲಿದ್ದ 25 ದೇಶಗಳಲ್ಲಿ ಉತ್ತರ ಕೊರಿಯಾ ಒಂದನ್ನು ಬಿಟ್ಟರೆ ಉಳಿದವೆಲ್ಲ ಮುಸ್ಲಿಮ್ ಬಹುಸಂಖ್ಯಾತ ದೇಶಗಳೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮಾರ್ಚ್‌ನಲ್ಲಿ ಬಿಯರ್ಸ್ ಅನಾರೋಗ್ಯದ ಕಾರಣ ನೀಡಿ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಇರಾಕಿನ ಮೇಲೆ ದಾಳಿ ಶುರುವಾಯಿತು.

ಈ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಪರೀಕ್ಷಿಸಿದ ಇಬ್ಬರು ಅಮೆರಿಕನ್ ಸಂಶೋಧಕಿಯರು, ನೋಡಿದವರ ಅಭಿಪ್ರಾಯ ಸುಧಾರಿಸಿತ್ತೆಂದು 2006ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಇರಬಹುದು. ಆದರೆ ಕೋಣೆಯ ಹೊರಗೆ ಚಿತ್ರ ಒಂಟಿಯಾಗಿ ಬರುವುದಿಲ್ಲ. 2004ರ ಫೆಬ್ರವರಿಯಲ್ಲಿ ಅಮೆರಿಕ 'ಅಲ್ ಹುರ್ರಾ' ಎಂಬ ಅರಬಿ ವಾಹಿನಿ ತೆರೆಯಿತು. ಹೆಸರಿನ ಅರ್ಥ 'ಸ್ವತಂತ್ರ'. ಎರಡೇ ತಿಂಗಳಲ್ಲಿ ಅಬೂ ಗುರೈಬ್ ಜೈಲಿನ ಫೋಟೋಗಳು ಹೊರಬಿದ್ದವು. ಆ ಫೋಟೋಗಳಿಗೆ ಉತ್ತರಿಸಬಲ್ಲ ವಾಹಿನಿ ಯಾವುದಿದೆ? ಮುಸ್ಲಿಮರು ದ್ವೇಷಿಸುವುದು ನಮ್ಮ ಸ್ವಾತಂತ್ರ್ಯವನ್ನಲ್ಲ, ನಮ್ಮ ನೀತಿಗಳನ್ನು ಎಂದು ಅಮೆರಿಕದ ರಕ್ಷಣಾ ಇಲಾಖೆಯ ಸಲಹಾ ಮಂಡಳಿಯೇ ಅದೇ ವರ್ಷ ವರದಿ ಕೊಟ್ಟಿತು.

ಹತ್ತು ವರ್ಷ ಕಳೆದು ಐಸಿಸ್ ತಲೆ ಎತ್ತಿದಾಗ ತಪ್ಪು ತಿರುಗುಮುರುಗಾಯಿತು. 2014ರಲ್ಲಿ ಅದೇ ಇಲಾಖೆ ಐಸಿಸ್‌ನ ಕ್ರೌರ್ಯದ ದೃಶ್ಯಗಳನ್ನೇ ಜೋಡಿಸಿ ವ್ಯಂಗ್ಯದ ವೀಡಿಯೊ ಮಾಡಿತು. ಮೊದಲು ಬರೀ ನಗು, ಈಗ ಬರೀ ರಕ್ತ. ಆ ರಕ್ತವನ್ನೇ ಪ್ರದರ್ಶಿಸಿ ಹುಡುಗರನ್ನು ಸೆಳೆಯುತ್ತಿದ್ದ ಗುಂಪಿಗೆ ಇದರಿಂದ ನಷ್ಟವೇನು? ಆ ಗುಂಪು ತನ್ನ ಬಂದಿಗಳಿಗೆ ತೊಡಿಸಿದ್ದ ಕಿತ್ತಳೆ ಬಣ್ಣದ ಬಟ್ಟೆ ಜನರಿಗೆ ನೆನಪಿಸಿದ್ದು ಗ್ವಾಂಟಾನಾಮೊವನ್ನು. ಕೊಲೆಗಡುಕರಿಗೂ ಗೊತ್ತಿತ್ತು, ಜನ ಯಾವ ಚಿತ್ರವನ್ನು ಮರೆತಿಲ್ಲವೆಂದು.

ಇಷ್ಟು ಬರೆದು ಮುಗಿಸಿದರೆ ನಮಗೆ ಹಿತವಾದೀತು. ಆದರೆ ನಾವು ಮಾಡುತ್ತಿರುವುದೇನು? ಎಲ್ಲಾದರೂ ಬಾಂಬ್ ಸಿಡಿದ ಮರುದಿನ ನಾವೂ ಖಂಡನಾ ಹೇಳಿಕೆ ಕೊಡುತ್ತೇವೆ, ಇಸ್ಲಾಂ ಎಂದರೆ ಶಾಂತಿ ಎಂದು ಬ್ಯಾನರ್ ಕಟ್ಟುತ್ತೇವೆ. ಮಾತು ನಿಜ. ಆದರೆ ಅದು ಯಾರಿಗಾಗಿ? ನೆರೆಯವರ ಅನುಮಾನ ಕಳೆಯಲಿಕ್ಕಾಗಿ. ದಾರಿ ತಪ್ಪಬಹುದಾದ ಹುಡುಗ ನಮ್ಮ ಮನೆಯಲ್ಲೇ ಇದ್ದರೆ, ಅವನ ಪ್ರಶ್ನೆಗೆ ಆ ಬ್ಯಾನರಿನಲ್ಲೂ ಉತ್ತರವಿಲ್ಲ.

2014ರ ಸೆಪ್ಟೆಂಬರಿನಲ್ಲಿ 120ಕ್ಕೂ ಹೆಚ್ಚು ವಿದ್ವಾಂಸರು ಬಗ್ದಾದಿಗೆ ಬರೆದ ಬಹಿರಂಗ ಪತ್ರ ಈ ಕಾರಣಕ್ಕೆ ಬೇರೆಯಾಗಿ ನಿಲ್ಲುತ್ತದೆ. ಅದು ಎದುರಾಳಿ ಮುಂದಿಟ್ಟ ವಾದಗಳನ್ನೇ ಎತ್ತಿಕೊಂಡು, ಅವನು ಹೆಸರಿಸುವ ಶಾಸ್ತ್ರದಿಂದಲೇ ಒಂದೊಂದಾಗಿ ಖಂಡಿಸಿತು. ಪತ್ರಕರ್ತರನ್ನು ಕೊಲ್ಲುವುದು, ಯಝೀದಿಗಳನ್ನು ಹಿಂಸಿಸುವುದು, ಮನುಷ್ಯರನ್ನು ಗುಲಾಮರಾಗಿಸುವುದು ಏಕೆ ಹರಾಮ್ ಎಂದು ವಿವರಿಸಿತು. ಕೊರತೆ ಅಲ್ಲಿಯೂ ಇದೆ. ಅದು ಆಲಿಮರ ಭಾಷೆ. ಹದಿನೆಂಟರ ಹುಡುಗನಿಗೆ ಅದನ್ನು ಓದಿ ಹೇಳುವವರು ಬೇಕು. ಆ ಕೆಲಸ ಯಾವ ವಿದೇಶಾಂಗ ಇಲಾಖೆಯದೂ ಅಲ್ಲ.

ಉರ್ದುವಿನಲ್ಲಿ ಜಾಹೀರಾತಿಗೆ ಇಶ್ತಿಹಾರ್ ಎನ್ನುತ್ತಾರೆ. ಖ್ಯಾತಿ ಎಂಬರ್ಥದ ಶೊಹರತ್ ಅದೇ ಮೂಲದ ಮಾತು. ಇಶ್ತಿಹಾರಿಗೆ ಬಾಯಿ ಇದೆ, ಕಿವಿ ಇಲ್ಲ. ಸಿಟ್ಟಿಗೆದ್ದ ಹುಡುಗನಿಗೆ ಮೊದಲು ಬೇಕಾದದ್ದು ಕಿವಿ. ಅವನ ಸಿಟ್ಟಿನಲ್ಲಿ ನಿಜವೆಷ್ಟು ಎಂದು ಒಪ್ಪಿಕೊಂಡ ಬಳಿಕವಷ್ಟೇ, ಅದರಲ್ಲಿ ಸುಳ್ಳೆಷ್ಟು ಎಂದು ಹೇಳುವ ಹಕ್ಕು ನಮಗೆ ಬರುತ್ತದೆ.