ಮೊದಲ ಪ್ರಯೋಗದ ಮೊದಲ ಸಾಲು

ಡೇಟಾಬೇಸ್ ಅಡ್ಮಿನ್ ಆಗಬೇಕೆಂದು ಕೊಪ್ಪಳ, ಕುಷ್ಟಗಿ ಕಡೆಯಿಂದ ಬೆಂಗಳೂರಿನ ಬಸ್ಸು ಹತ್ತುವ ಹುಡುಗರಿಗೆ ಓರಾಕಲ್ ಸರ್ಟಿಫಿಕೇಟೇ ದೊಡ್ಡ ದೇವರು. ಆ ದೇವರ ಮಹಿಮೆ ಇರುವುದಕ್ಕಿಂತ ಹೆಚ್ಚೇ ಹಬ್ಬಿದೆ. 19ಸಿ ಆವೃತ್ತಿಯ ‘ಸರ್ಟಿಫೈಡ್ ಪ್ರೊಫೆಷನಲ್’ ಆಗಲು 082, 083 ಎಂಬ ಎರಡು ಪರೀಕ್ಷೆ. ಎರಡರಲ್ಲೂ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಿದರಾಯಿತು. ಬ್ಯಾಕಪ್ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಒತ್ತಿದವನು ಒಂದು ಫೈಲನ್ನಾದರೂ ರಿಸ್ಟೋರ್ ಮಾಡಿರಬೇಕೆಂದಿಲ್ಲ. ಇದು ಬಲ್ಲವರಿಗೆ ಗೊತ್ತಿರುವ ಮಾತೇ. ನನ್ನ ತಕರಾರು ಅದಕ್ಕೂ ಹಿಂದಿನದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಲ್ಯಾಬ್ ರೆಕಾರ್ಡಿನದು.

ಗಂಗಾವತಿ, ತಳಕಲ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿಗೂ ಬೆಂಗಳೂರಿನ ಸ್ವಾಯತ್ತವಲ್ಲದ ವಿಟಿಯು ಕಾಲೇಜುಗಳಿಗೂ ಸಿಲಬಸ್ ಒಂದೇ. 2022ರ ಸ್ಕೀಮಿನ ನಾಲ್ಕನೇ ಸೆಮಿಸ್ಟರಿನಲ್ಲಿ ಡಿಬಿಎಂಎಸ್ ಪ್ರಯೋಗ ಶುರುವಾಗುವುದು ಎಂಪ್ಲಾಯಿ ಟೇಬಲ್ಲಿನಿಂದ. ಅದರ ಮೊದಲ ಸೂಚನೆ: ಒಬ್ಬ ಯೂಸರನ್ನು ಸೃಷ್ಟಿಸಿ, ಅವನಿಗೆ ಎಲ್ಲ ಪರ್ಮಿಷನ್ ಕೊಡಿ. ಎಲ್ಲ! ಅಡ್ಮಿನ್ ಆದವನು ದಿನಬೆಳಗಾದರೆ ಬೇಡ ಎನ್ನಬೇಕಾದದ್ದನ್ನು ವಿದ್ಯಾರ್ಥಿ ಮೊದಲ ದಿನವೇ ಕೈಯಾರೆ ಟೈಪಿಸುತ್ತಾನೆ. ಯಾರಿಗೆ ಓದಲು ಬಿಟ್ಟರೆ ಸಾಕು, ಯಾರು ಸೇರಿಸಬಹುದು, ಯಾರು ಅಳಿಸಕೂಡದು ಎಂಬ ವಿಂಗಡಣೆಯೇ ಈ ವೃತ್ತಿಯ ಅರ್ಧ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ರಿವೋಕ್ ಆ ಪ್ರಯೋಗದಲ್ಲಿ ಬರುವುದೇ ಇಲ್ಲ.

ಎರಡನೆಯ ಸೂಚನೆ: ಮೂರು ಸಾಲು ಸೇರಿಸಿ, ರೋಲ್‌ಬ್ಯಾಕ್ ಮಾಡಿ, ಏನಾಯಿತು ನೋಡಿ. ಇಡೀ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ಮೈಎಸ್‌ಕ್ಯೂಎಲ್‌ನಲ್ಲಿ ಆಟೋಕಮಿಟ್ ಮೊದಲೇ ಆನ್ ಇರುತ್ತದೆ. ಟ್ರಾನ್ಸಾಕ್ಷನ್ ಶುರುಮಾಡದೆ ಸೇರಿಸಿದ ಸಾಲುಗಳು ರೋಲ್‌ಬ್ಯಾಕಿಗೆ ಜಗ್ಗುವುದಿಲ್ಲ. ಓರಾಕಲ್‌ನ ಎಸ್‌ಕ್ಯೂಎಲ್ ಪ್ಲಸ್‌ನಲ್ಲಾದರೆ ಅವೇ ಸಾಲುಗಳು ಮಾಯ. ಯಾಕೆ ಉಳಿದವು ಎಂದು ಒಬ್ಬಳು ಹುಡುಗಿ ಕೇಳಿದರೂ ಆ ಮಧ್ಯಾಹ್ನ ಸಾರ್ಥಕ. ಆದರೆ ರೆಕಾರ್ಡಿಗೆ ಬರೆಯುವ ಔಟ್‌ಪುಟ್ ಸೀನಿಯರ್‌ಗಳಿಂದ ಮೊದಲೇ ಇಳಿದು ಬಂದಿರುತ್ತದೆ. ಸ್ಕ್ರೀನು ಬೇರೆ ಹೇಳಿದರೆ ಸ್ಕ್ರೀನಿನದೇ ತಪ್ಪು. ಕಮಿಟ್ ಆದ ಮೇಲೆ ಕಳೆದುಹೋದದ್ದನ್ನು ಬ್ಯಾಕಪ್ಪಿನಿಂದ ತರುವ ಪ್ರಯೋಗವಂತೂ ಪಟ್ಟಿಯಲ್ಲೆಲ್ಲೂ ಇಲ್ಲ.

ಸಿಲಬಸ್ ಹಳತಾಯಿತು, ಹೊಸದನ್ನು ತನ್ನಿ ಎಂದು ಕೂಗುವ ವಿಮರ್ಶಕರೊಂದಿಗೆ ನನಗೆ ಜಗಳವಿದೆ. 2018ರ ಸ್ಕೀಮಿನಲ್ಲಿ 1000ನೇ ನಂಬರಿನ ಸೇಲ್ಸ್‌ಮನ್ನನ್ನು ಅವನ ಆರ್ಡರುಗಳ ಸಮೇತ ಅಳಿಸಿ ಎಂದಿತ್ತು. ಅಳಿಸುವ ಮುಂಚೆ ಒಂದು ಪ್ರತಿ ತೆಗೆದಿಡಿ ಎಂದಿರಲಿಲ್ಲ. 2022ರಲ್ಲಿ ಇವರು ಬಯಸಿದಂತೆ ಮೊಂಗೊಡಿಬಿ ಬಂತು. ಅಲ್ಲೂ ಅದೇ: ಸೇರಿಸು, ಓದು, ತಿದ್ದು, ಅಳಿಸು. ಕ್ಲೌಡ್ ಬಂದಮೇಲೆ ಬ್ಯಾಕಪ್ ತಾನಾಗಿಯೇ ಆಗುತ್ತದೆ, ಅಡ್ಮಿನ್ ಯಾಕೆ ಎನ್ನುವವರ ಗುಂಪು ಇನ್ನೊಂದು. ಬ್ಯಾಕಪ್ ಆಗುತ್ತದೆ, ಸರಿ. ಯಾವ ಗಳಿಗೆಗೆ ಹಿಂತಿರುಗಬೇಕು, ಆ ಗಳಿಗೆಯಿಂದೀಚೆಗೆ ಬಂದ ಎಂಟ್ರಿಗಳ ಗತಿಯೇನು ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ಎತ್ತಿದರೆ ಎರಡೂ ಗುಂಪು ಮಾತು ಬದಲಿಸುತ್ತವೆ.

ಕಾಲೇಜಿನಲ್ಲಿಲ್ಲದ ಪಾಠ ತಾಲ್ಲೂಕು ಕಚೇರಿಯಲ್ಲಿತ್ತು. ಇಪ್ಪತ್ತು ವರ್ಷಗಳಿಗೂ ಹಿಂದೆ ಭೂದಾಖಲೆಗಳ ‘ಭೂಮಿ’ ಯೋಜನೆ ಬಂದು ಯಲಬುರ್ಗಾದ ಪಹಣಿಯೂ ಕಂಪ್ಯೂಟರಿಗೆ ಏರಿತು. ಆಗ ಲಾಗಿನ್ ಆಗಲು ಪಾಸ್‌ವರ್ಡನ್ನಷ್ಟೇ ನಂಬದೆ ನೌಕರರ ಬೆರಳಚ್ಚು ಕೇಳಿದರು. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕೆಂದು ಸಾಫ್ಟ್‌ವೇರಿನಲ್ಲೇ ಕಟ್ಟಿದರು. ಯಾರಿಗೆ ಎಷ್ಟು ಅಧಿಕಾರ, ಮಾಡಿದವರು ಯಾರು ಎಂಬುದು ಅಲ್ಲಿ ರೈತನ ಹೊಲದ ಪ್ರಶ್ನೆ. ನಮ್ಮ ಪಠ್ಯಕ್ಕೆ ಎಂಪ್ಲಾಯಿ ಟೇಬಲ್ಲೇ ಗತಿ!

ಬ್ಯಾಕಪ್ ಕಲಿಸಲು ದುಡ್ಡಿಲ್ಲ ಎನ್ನುವಂತಿಲ್ಲ. ಮೈಎಸ್‌ಕ್ಯೂಎಲ್‌ಡಂಪ್ ಎಂಬ ಬ್ಯಾಕಪ್ ಉಪಕರಣ ಮೈಎಸ್‌ಕ್ಯೂಎಲ್ ಜತೆಗೇ ಬರುತ್ತದೆ. ಲ್ಯಾಬ್ ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್ ಒಂದು ಟೇಬಲ್ ಡ್ರಾಪ್ ಮಾಡಲಿ, ಕೂತವರು ಅದನ್ನು ವಾಪಸ್ ತಂದು ತೋರಿಸಲಿ. ರೆಕಾರ್ಡಿನ ಅಂಕಗಳನ್ನು ಬೇಕಾದರೆ ಮೊದಲಿನಂತೆಯೇ ಹಂಚಿಕೊಳ್ಳಿ.