ಒಡಪು ನಿಂತ ಮೇಲೆ ನೋಡಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು ಹೊಸ ಕಾಲದ ನೃತ್ಯಪ್ರಯೋಗ ನೋಡಿ ಬಂದು ‘ಕಥೆಯೇ ತಿಳಿಯಲಿಲ್ಲ’ ಎಂದರೆ ನಾನು ಒಪ್ಪುವುದಿಲ್ಲ. ವೀರಗಾಸೆ ನೋಡಿ ಬೆಳೆದ ಕಣ್ಣು ಅದು. ಅದಕ್ಕೆ ಬೇಕಾದ ಪಾಠ ಎಂದೋ ಆಗಿದೆ.

ಜಾತ್ರೆಯಲ್ಲೋ ಕಾರ್ತಿಕದಲ್ಲೋ ಕುಣಿತ ಬಂದದ್ದನ್ನು ನೆನಪಿಸಿಕೊಳ್ಳಿ. ಒಬ್ಬರು ಕತ್ತಿ ಹಿಡಿದು ಮುಂದೆ ಬಂದು ಒಡಪು ಹೇಳುತ್ತಾರೆ: ದಕ್ಷನ ಯಜ್ಞ, ದಾಕ್ಷಾಯಣಿ ಬೆಂಕಿಗೆ ಬಿದ್ದದ್ದು, ಶಿವನ ಜಟೆಯಿಂದ ವೀರಭದ್ರ ಎದ್ದದ್ದು. ಕಥೆಯೆಲ್ಲ ಮಾತಿನಲ್ಲೇ ಮುಗಿಯುತ್ತದೆ. ಆಮೇಲೆ ಸಂಬಾಳಕ್ಕೆ ಕಡ್ಡಿ ಬೀಳುತ್ತದೆ, ಗೆಜ್ಜೆಕಾಲು ಏಳುತ್ತದೆ. ಆ ಹೆಜ್ಜೆಗಳಲ್ಲಿ ದಕ್ಷ ಯಾವುದು, ಯಜ್ಞಕುಂಡ ಯಾವುದು ಎಂದು ಯಾರೂ ಕೇಳುವುದಿಲ್ಲ. ಸಿಟ್ಟು ಬಡಿತಕ್ಕೆ ಇಳಿದಿರುತ್ತದೆ, ಬಡಿತ ಕಾಲಿಗೆ. ನಿಂತು ನೋಡುವವರಿಗೆ ಮೈ ಜುಮ್ಮೆನ್ನುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮೇಲೆ ಕಟ್ಟಿದ ನೃತ್ಯವನ್ನೂ ಹೀಗೇ ನೋಡಬೇಕು. ರಷ್ಯಾದ ಸಂಗೀತ ಸಂಯೋಜಕ ಸ್ಟ್ರಾವಿನ್ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ನಿಂದ ಶುರುಮಾಡಿ. 1913ರ ಮೇ 29ರಂದು ಪ್ಯಾರಿಸ್‌ನಲ್ಲಿ, ನಿಜಿನ್‌ಸ್ಕಿ ಸಂಯೋಜಿಸಿದ ನೃತ್ಯದೊಂದಿಗೆ ಅದರ ಮೊದಲ ಪ್ರದರ್ಶನವಾದಾಗ ಸಭೆಯಲ್ಲಿ ಗದ್ದಲವೆದ್ದಿತು. ಅಲ್ಲಿಯೂ ಒಂದು ಬಲಿಯ ಕಥೆಯೇ: ವಸಂತಕ್ಕಾಗಿ ಊರು ಒಬ್ಬ ಹುಡುಗಿಯನ್ನು ಆರಿಸುತ್ತದೆ, ಅವಳು ಕುಣಿಕುಣಿದು ಪ್ರಾಣ ಬಿಡುತ್ತಾಳೆ. ಒಡಪು ಇಷ್ಟು ಸಾಕು.

ಮೊದಲು ಕಣ್ಣು ಮುಚ್ಚಿ ಕೇಳಿ. ಊದುವಾದ್ಯಗಳ ಪೀಠಿಕೆ ಮುಗಿದ ಮೇಲೆ ತಂತಿವಾದ್ಯಗಳು ಒಂದೇ ಸ್ವರಗುಚ್ಛವನ್ನು ಕುಟ್ಟತೊಡಗುತ್ತವೆ. ಬೆರಳಲ್ಲಿ ಎಣಿಸಿ: ಮೊದಲಿಗೆ 32 ಬಡಿತ. ಎಂಟರ ನಾಲ್ಕು ಆವರ್ತ, ನಮ್ಮ ಆದಿತಾಳದ ಲೆಕ್ಕಕ್ಕೆ ಸರಿಯಾಗಿದೆ. ಆದರೆ ಎಂಟು ಕೊಂಬುವಾದ್ಯಗಳು ಸೇರಿ ಒತ್ತು ಕೊಡುವುದು 10, 12, 18, 21, 25, 30ನೇ ಬಡಿತಗಳಿಗೆ. ಒತ್ತು ಇಲ್ಲಿ ಬಿದ್ದೀತು ಎಂದು ಮೈ ಕಾದ ಕಡೆ ಅದು ಬೀಳುವುದಿಲ್ಲ. ಎದೆಯಲ್ಲಿ ಭಯ ಹುಟ್ಟುವುದೇ ಹಾಗೆ. ಎರಡು ಮೂರು ಸಲ ಎಣಿಸಿ, ಅವಸರ ಬೇಡ.

ಆಮೇಲೆ ಕಣ್ಣು ಬಿಡಿ. ಇದೇ ಸಂಗೀತಕ್ಕೆ 1975ರಲ್ಲಿ ಜರ್ಮನಿಯ ಪೀನಾ ಬೌಶ್ ರಂಗದ ತುಂಬ ಮಣ್ಣು ಹರಡಿಸಿ ಕುಣಿಸಿದರು; ಬೆವರಿದ ಮೈಗೆಲ್ಲ ಆ ಮಣ್ಣು ಮೆತ್ತಿಕೊಳ್ಳುತ್ತದೆ. ಬ್ರಿಟನ್ನಿನ ಸೀತಾ ಪಟೇಲ್ ಇದಕ್ಕೆ ಭರತನಾಟ್ಯವನ್ನೇ ಜೋಡಿಸಿದರು. ನಮ್ಮವರು ಮೊದಲು ನೋಡಬೇಕಾದ್ದು ಸೀತಾ ಅವರದ್ದು. ಅರೆಮಂಡಿಯಲ್ಲಿ ಕೂತು ನೆಲ ತಟ್ಟುವ ಕಾಲು ನಮಗೆ ಪರಿಚಯದ ಕಾಲು. ಒತ್ತು ಬಿದ್ದಾಗ ನರ್ತಕಿ ಹೆಜ್ಜೆ ಇಟ್ಟಳೋ, ಕಲ್ಲಾಗಿ ನಿಂತಳೋ, ಬೇಕೆಂದೇ ಮುಂಚೆ ಹೋದಳೋ ಗಮನಿಸಿ. ಸಂಗೀತಕ್ಕೆ ಅವಳು ಕೊಡುವ ಉತ್ತರ ಅದು.

ಬರುವ ಕಾರ್ತಿಕದಲ್ಲಿ ವೀರಭದ್ರನ ಗುಡಿಯ ಮುಂದೆ ನಿಂತಾಗ ಫೋನು ಜೇಬಿನಲ್ಲೇ ಇರಲಿ. ಒಡಪು ನಿಂತೊಡನೆ ಕತ್ತಿಯಿಂದ ಕಣ್ಣು ಇಳಿಸಿ ಕಾಲು ನೋಡಿ, ಸಂಬಾಳದ ಪೆಟ್ಟು ಎಣಿಸಿ.